‘ಹದಿನೇಳನೇ ಕೀಲಿ’ಯ ಬಗ್ಗೆ ನನ್ನ ಅಭಿಪ್ರಾಯ

ಹೆಣ್ಣು ನೋಡಲು ಬರುವವರು ಮೊದಲು ಫೋಟೋ ಕಳಿಸುತ್ತಾರೆ, ಕುಂಡಲಿ ಕಳಿಸುತ್ತಾರೆ. ರಾಣೇಬೆನ್ನೂರಿನ ಶಶಿಕಾಂತ ಒಂದು ಕಾದಂಬರಿ ಕಳಿಸಿದ. ನಾಲ್ಕುನೂರು ಪುಟದ ದಪ್ಪ ಪುಸ್ತಕ. ಮುಖಪುಟದ ಮೇಲೆ ಕಂಪ್ಯೂಟರಿನ ಪರದೆ ಒಡೆದುಕೊಂಡು ಹೊರಬರುತ್ತಿರುವ ಒಂದು ಕೈ, ಆ ಕೈ ತುಂಬ ರಕ್ತ, ಬೆರಳುಗಳ ನಡುವೆ ಒಂದು ಕೀಲಿ. ಹೆಸರು ‘ಹದಿನೇಳನೇ ಕೀಲಿ’. ಬರೆದವರ ಹೆಸರನ್ನು ನಾನು ಹೇಳುವುದಿಲ್ಲ; ಅವರಿಗೂ ಹೆಂಡತಿ ಮಕ್ಕಳು ಇರುತ್ತಾರೆ.

ತಂದುಕೊಟ್ಟವರು ಸಂಬಂಧ ಕುದುರಿಸುವ ಪರಮೇಶಪ್ಪ ಕಾಕಾ. ನಮ್ಮ ಪಡಸಾಲೆಯಲ್ಲಿ ಕುಳಿತು, ಹಳೇ ಪೇಪರಿನಲ್ಲಿ ಸುತ್ತಿದ್ದ ಅದನ್ನು ಬಿಚ್ಚಿ ನನ್ನ ಮುಂದಿಟ್ಟರು.

“ಹುಡುಗಿ ಇದನ್ನ ಓದಿ ಅಭಿಪ್ರಾಯ ಹೇಳಬೇಕಂತ. ಬಂಗಾರ ಬ್ಯಾಡಂತ, ಗಾಡಿ ಬ್ಯಾಡಂತ. ಅಭಿಪ್ರಾಯ ಒಂದ ಬೇಕಂತ ನೋಡವಾ.”

ನನ್ನ ಪಿತ್ತ ನೆತ್ತಿಗೇರಿತು. ನಾನು, ಶೈಲಾ, ಹಾವೇರಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುವವಳು. ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ಮಂದಿಗೆ ಪರೀಕ್ಷೆ ಇಟ್ಟು ಬರುವ ನನಗೇ ಪರೀಕ್ಷೆ ಇಡುವ ಈ ಮಹಾರಾಯ ಯಾರು?

“ಯಾರ್ರೀ ಕಾಕಾ ಅಂವಾ? ಈ ಪುಸ್ತಕ ಬರದಾಂವನ?”

“ಅಲ್ಲವಾ. ಬೀಜದ ಕಂಪನ್ಯಾಗ ಅದಾನ. ಹತ್ತಿ ಬೀಜ, ಟೊಮ್ಯಾಟೊ ಬೀಜ ಅಂತ ರೈತರ ಹೊಲಾ ತಿರಗೂ ಕೆಲಸ. ಹುಡುಗ ಬಂಗಾರದಂಥಾಂವ. ಓದೂ ಹುಚ್ಚು ಒಂದ ಸ್ವಲ್ಪ ಐತಿ.”

“ಹುಚ್ಚು ಐತಿ ಅಂತ ಮೊದಲ ಹೇಳಿದ್ರಲ್ಲ, ಭಾಳ ಚೊಲೊ ಆತ್ರಿ,” ಎಂದೆ. ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನ ಕಡೆ ಕಣ್ಣು ಬಿಟ್ಟಳು.

ಓದಲೇಬಾರದು ಎಂದು ನಿಶ್ಚಯ ಮಾಡಿದ್ದೆ. ಆದರೆ ಸಂಜೆ ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವ ತನಕ ಮೊದಲ ಪುಟ ನೋಡೋಣ ಎಂದು ತೆರೆದೆ. ಹಾಲು ಉಕ್ಕಿ, ಒಲೆ ಆರಿ, ಅವ್ವ ಬಂದು ನನ್ನ ತಲೆಗೆ ಮೊಟಕುವ ಹೊತ್ತಿಗೆ ಮೂರು ಜನ ಸತ್ತಿದ್ದರು.

ಕಥೆ ಹೀಗಿದೆ. ಒಬ್ಬ ವಿಜ್ಞಾನಿ. ದೇಶದ ಎಲ್ಲ ಬ್ಯಾಂಕು, ಎಲ್ಲ ರೈಲು, ಎಲ್ಲ ಕರೆಂಟು ನಡೆಸುವ ಕಂಪ್ಯೂಟರಿಗೆ ಗುಪ್ತಲಿಪಿಯ ಬೀಗ ಹಾಕಿದವನು ಅವನೇ. ಶತ್ರುಗಳು ಬೆನ್ನು ಹತ್ತಿದ್ದಾರೆಂದು ಗೊತ್ತಾಗಿ, ಒಬ್ಬಳೇ ಮಗಳು ತನ್ಮಯಿಗೆ ಒಂದು ಮಾತು ಹೇಳಬೇಕಾಗಿರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಒಂದರೊಳಗೊಂದು ಹದಿನೇಳು ಕೀಲಿ ಹಾಕಿ ಮುಚ್ಚಿಟ್ಟು ಸಾಯುತ್ತಾನೆ. ತನ್ಮಯಿ, ಅವಳ ಜೊತೆಗೆ ವಿಕ್ರಾಂತ ಎಂಬ ಗುಪ್ತಲಿಪಿ ಪಂಡಿತ, ಇಬ್ಬರೂ ಗೋವಾದಿಂದ ವಿಯೆನ್ನಾದ ತನಕ ಓಡುತ್ತಾರೆ. ಪುಟಕ್ಕೊಂದು ಗುಂಡು, ಅಧ್ಯಾಯಕ್ಕೊಂದು ಹೆಣ.

ನೂರಾ ಹನ್ನೆರಡನೇ ಪುಟದಲ್ಲಿ ವಿಕ್ರಾಂತ ಹೆಲಿಕಾಪ್ಟರಿನ ಕಾಲಿಗೆ ಜೋತಾಡುತ್ತ ಕೂಗಿ ಹೇಳುತ್ತಾನೆ: ‘ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದಾಗ ಇನ್ನೂ ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಹುಟ್ಟುತ್ತದೆ, ತನ್ಮಯಿ! ಇದೇ ನಿನ್ನ ತಂದೆಯ ರಹಸ್ಯ!’

ನಾನು ಎದ್ದು ನಿಂತುಬಿಟ್ಟೆ. ಎರಡನ್ನು ಗುಣಿಸಿ ಬಂದ ಸಂಖ್ಯೆ ಆ ಎರಡರಿಂದಲೇ ಭಾಗವಾಗುತ್ತದಲ್ಲವೇ, ಅದು ಅವಿಭಾಜ್ಯ ಹೇಗಾದೀತು? ಏಳನೇ ಇಯತ್ತೆಯ ಹುಡುಗರೂ ಹೇಳುತ್ತಾರೆ. ಇಂಥ ಪಂಡಿತನ ಕೈಗೆ ದೇಶದ ಕರೆಂಟು ಕೊಟ್ಟರೆ ಬ್ಯಾಡಗಿಯಲ್ಲಿ ಈಗ ಇರುವಷ್ಟೂ ಇರುವುದಿಲ್ಲ. ಪುಸ್ತಕವನ್ನು ಹಾಸಿಗೆಯ ಮೇಲೆ ಎಸೆದೆ. ಆಮೇಲೆ, ಹೆಲಿಕಾಪ್ಟರಿನಿಂದ ಕೈ ಜಾರಿತೋ ಏನೋ ಎಂದು ಮತ್ತೆ ಎತ್ತಿಕೊಂಡೆ.

ಮರುದಿನ ಬಸ್ಸಿನಲ್ಲಿ ಓದುತ್ತ ಹಾವೇರಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಕಂಡಕ್ಟರ್ ಬಂದು ಎಬ್ಬಿಸಿದಾಗ ಬಂಕಾಪುರ. ಪ್ರಿನ್ಸಿಪಾಲರಿಗೆ ಏನೋ ಸುಳ್ಳು ಹೇಳಿದೆ. ಅಂದರೆ ನನ್ನ ಅಭಿಪ್ರಾಯ ಅಷ್ಟು ಹೊತ್ತಿಗೇ ಎರಡು ಹೋಳಾಗಿತ್ತು: ಇದರಷ್ಟು ಸುಳ್ಳು ಪುಸ್ತಕ ಇನ್ನೊಂದಿಲ್ಲ, ಮತ್ತು ಇದನ್ನು ಕೆಳಗಿಡಲು ನನ್ನ ಕೈಲಿ ಆಗುತ್ತಿಲ್ಲ.

ನಾನು ಮುಗಿಸುವ ಮೊದಲೇ ಮನೆಯವರೂ ಶುರು ಮಾಡಿದ್ದರು. ನಾನು ಮಲಗಿದ ಮೇಲೆ ಅವ್ವ ಕೈಗೆತ್ತಿಕೊಳ್ಳುತ್ತಿದ್ದಳು. ನಾನು ಸ್ನಾನಕ್ಕೆ ಹೋದಾಗ ಅಪ್ಪ.

“ಆ ಹುಡುಗಿ ಊಟಾನ ಮಾಡೂದಿಲ್ಲಲ್ಲ,” ಎಂದಳು ಅವ್ವ. “ಗೋವಾದಾಗ ಒಂದ ಕಪ್ ಚಹಾ ಕುಡದಾಳ, ಅಷ್ಟ. ನಾಕನೂರು ಪುಟ ಉಪಾಸ ಓಡತಾಳ ನನ್ನವ್ವ.”

ಅಪ್ಪನ ಮಾತು ಬೇರೆಯೇ ಇತ್ತು. “ಆ ವಿಜ್ಞಾನಿ ಪಾಪ. ಮಗಳಿಗೆ ಹೇಳಾಕೂ ಆಗವಲ್ದು, ಬಿಡಾಕೂ ಆಗವಲ್ದು,” ಎಂದು ನಿಟ್ಟುಸಿರುಬಿಟ್ಟ.

ಅಪ್ಪ ಪ್ರಭುಲಿಂಗಪ್ಪ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ಮಾರುಕಟ್ಟೆಯಲ್ಲಿ ಅವನ ಮೂಗಿಗೆ ದೊಡ್ಡ ಹೆಸರು. ಚೀಲದೊಳಗಿನಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದರೆ ಸಾಕು, ಯಾವ ಕಡೆಯ ಹೊಲದ ಕಾಯಿ, ಸರಿಯಾಗಿ ಒಣಗಿದೆಯೋ ಒಳಗೆ ಹಸಿ ಉಳಿದಿದೆಯೋ, ಎಲ್ಲ ಹೇಳುತ್ತಾನೆ ಎಂದು ರೈತರು ಮಾತಾಡಿಕೊಳ್ಳುತ್ತಾರೆ. ಖರೀದಿಗೆ ಬರುವವರೂ ಅಪ್ಪನ ಮುಖ ನೋಡಿಯೇ ಧಾರಣೆ ನಿರ್ಧರಿಸುತ್ತಾರೆ. ಅಷ್ಟು ಮರ್ಯಾದೆಯ ಮೂಗು.

ಹೆಣ್ಣು ನೋಡುವುದಕ್ಕೆ ರವಿವಾರ ಗೊತ್ತಾಯಿತು. ಹಿಂದಿನ ದಿನ ಅವ್ವ ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ಯಾಲಕ್ಕಿಯ ವಿಷಯ ತೆಗೆದಳು. ಇದು ಅವ್ವನ ತವರುಮನೆ ಕುಪ್ಪೇಲೂರಿನಿಂದ ಬಂದ ಪದ್ಧತಿ. ಬೀಗರಾಗುವವರು ಮನೆಯಲ್ಲಿರುವಾಗ ಯಜಮಾನ ಅವರನ್ನು ಬಿಟ್ಟು ಒಳಗೆ ಎದ್ದು ಹೋಗುವಂತಿಲ್ಲ, ಹುಡುಗಿ ಎಲ್ಲರೆದುರು ಹೌದು ಅಲ್ಲ ಅನ್ನುವಂತಿಲ್ಲ. ಹಾಗಾಗಿ ಕೊನೆಗೆ ಕೊಡುವ ಚಹಾದಲ್ಲಿ ಉತ್ತರ. ಹುಡುಗಿಗೆ ಒಪ್ಪಿಗೆಯಿದ್ದರೆ ಚಹಾಕ್ಕೆ ಯಾಲಕ್ಕಿ ಬೀಳುತ್ತದೆ. ಇಲ್ಲದಿದ್ದರೆ ಬರೀ ಚಹಾ. ತಂದೆ ಒಂದು ಗುಟುಕು ಕುಡಿದು ಅದಕ್ಕೆ ತಕ್ಕ ಮಾತು ಆಡುತ್ತಾನೆ. ಅವ್ವ ತಾನೂ ಅಪ್ಪನಿಗೆ ಹಾಗೆಯೇ ಒಪ್ಪಿಗೆ ಕೊಟ್ಟವಳು.

“ಬ್ಯಾರೆ ದಾರಿ ಇಲ್ಲೇನು?” ಎಂದ ಅಪ್ಪ.

“ಯಾಕ, ನಿಮ್ಮ ಮೂಗಿಗೆ ಇದೇನ್ ದೊಡ್ಡದು?” ಎಂದಳು ಅವ್ವ. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಆಮೇಲೆ ನನ್ನ ಕಡೆ ತಿರುಗಿ ಅವ್ವ ಇನ್ನೊಂದು ಅಪ್ಪಣೆ ಕೊಟ್ಟಳು. “ಪುಸ್ತಕ ಹೆಂಗೈತಿ ಅಂತ ಕೇಳಿದ್ರ ಚೊಲೊ ಐತಿ ಅಂದು ಬಾಯಿ ಮುಚ್ಚು. ನೂರಾ ಹನ್ನೆರಡನೇ ಪುಟ ಅಂತ ಏನರ ತಗದೀ ಅಂದ್ರ ನಿನ್ನ ಚರ್ಮ ಸುಲೀತೀನಿ.”

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಹಾಗೆನ್ನುವವರು ಸುಗ್ಗಿಯ ದಿನಗಳಲ್ಲಿ ನಮ್ಮ ಮನೆಯ ಮುಂದೆ ಬಂದು ಒಮ್ಮೆ ಉಸಿರೆಳೆದುಕೊಳ್ಳಲಿ. ಸೋಮವಾರದ ಮಾರುಕಟ್ಟೆಗೆಂದು ರವಿವಾರವೇ ಬಂದಿದ್ದ ಲಾರಿಯೊಂದು ಎದುರಿನ ಗೋದಾಮಿನಲ್ಲಿ ಚೀಲ ಇಳಿಸುತ್ತಿತ್ತು. ನಾನು ಅವಲಕ್ಕಿಯ ತಾಟು ಹಿಡಿದು ಪಡಸಾಲೆಗೆ ಬಂದಾಗ ಬಂದವರೆಲ್ಲ ಅಳುತ್ತಿದ್ದರು. ಪರಮೇಶಪ್ಪ ಕಾಕಾ ಮೂಗು ಸೀಟುತ್ತಿದ್ದರು. ಹುಡುಗನ ತಾಯಿ ದೇವವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕರ್ಚೀಫಿನೊಳಗೆ ಮುಖ ಹುದುಗಿಸಿಕೊಂಡು ಒಂದೇ ಸಮನೆ ಸೀನುತ್ತಿದ್ದ ಎರಡು ಅಗಲ ಕಿವಿಗಳ ಮನುಷ್ಯನೇ ಶಶಿಕಾಂತ ಇರಬೇಕೆಂದು ಊಹಿಸಿದೆ. ಸಾವಿನ ಮನೆಗೆ ಬಂದವರೂ ಇಷ್ಟು ಅಳುವುದಿಲ್ಲ.

ನಗು ತಡೆಯಲು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿ ಕುಳಿತೆ. ಹೆಸರು ಕೇಳಿದರು, ಹೇಳಿದೆ. ಕೆಲಸ ಕೇಳಿದರು, ಹೇಳಿದೆ. ಕೊನೆಗೆ ಕರ್ಚೀಫಿನ ಹಿಂದಿನಿಂದ ದನಿ ಬಂತು.

“ಪುಸ್ತಕ ಓದಿದ್ರ್ಯಾ?”

“ಹೂನ್ರಿ. ಚೊಲೊ ಐತ್ರಿ.”

ಕರ್ಚೀಫು ಕೆಳಗಿಳಿಯಿತು. ಕಣ್ಣು ಕೆಂಪಾಗಿ, ಮೂಗು ಕೆಂಪಾಗಿ, ಮುಖ ಪೂರಾ ಸಪ್ಪಗಾಗಿತ್ತು. “ಅಷ್ಟೇನ್ರಿ?” ಎಂದ. ಹಬ್ಬದ ದಿನ ಹೋಳಿಗೆ ಮುಗಿದುಹೋಗಿದೆ ಎಂದು ಕೇಳಿದವನ ಹಾಗಿತ್ತು ಆ ದನಿ. ಆ ಮುಖ ನೋಡಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ಅವ್ವ ಚರ್ಮ ಸುಲಿದರೆ ಸುಲಿಯಲಿ.

“ಅಷ್ಟ ಅಲ್ಲರಿ. ಆ ಪುಸ್ತಕ ಬರದಾವ್ರು ನನ್ನ ಕೈಗೆ ಸಿಕ್ರ ಬೆಂಚಿನ ಮ್ಯಾಲ ನಿಲ್ಲಸ್ತೀನಿ. ನೂರಾ ಹನ್ನೆರಡನೇ ಪುಟದಾಗ ಏನ್ ಬರದಾರ ನೋಡೀರೇನು? ಅವಿಭಾಜ್ಯ ಅವಿಭಾಜ್ಯ ಗುಣಸಿದ್ರ ಅವಿಭಾಜ್ಯ ಬರತೈತಂತ!”

“ಬರೂದಿಲ್ಲೇನ್ರಿ?”

ಅವನ ತಾಟನ್ನೇ ಎಳೆದುಕೊಂಡೆ. ಅವಲಕ್ಕಿಯೊಳಗಿನ ಶೇಂಗಾ ಆರಿಸಿ ಟೀಪಾಯಿಯ ಮೇಲೆ ಸಾಲಾಗಿ ಇಟ್ಟೆ. ಐದೈದರ ಮೂರು ಸಾಲು. “ಮೂರು ಅವಿಭಾಜ್ಯ, ಐದು ಅವಿಭಾಜ್ಯ. ಗುಣಸಿದ್ರ ಹದಿನೈದು. ಈ ಹದಿನೈದು ಶೇಂಗಾ ಮೂರು ಮಂದಿಗೆ ಸರಿಯಾಗಿ ಹಂಚಾಕ ಬರತೈತಿಲ್ಲೋ? ಹಂಚಾಕ ಬಂದ ಮ್ಯಾಲ ಅದು ಅವಿಭಾಜ್ಯ ಹೆಂಗಾತ್ರಿ?”

ಶಶಿಕಾಂತ ಶೇಂಗಾ ನೋಡಿದ. ನನ್ನನ್ನು ನೋಡಿದ. ಮತ್ತೆ ಶೇಂಗಾ ನೋಡಿದ. ಆಮೇಲೆ ನಗಲು ಶುರು ಮಾಡಿದ. ನಡುವೆ ಸೀನು, ಸೀನಿನ ನಡುವೆ ನಗು.

“ಎರಡು ಸಲ ಓದೇನ್ರಿ ನಾನು! ಎರಡೂ ಸಲ ಆ ಮಾತಿಗೆ ‘ವಾಹ್’ ಅಂತ ತಲಿ ದೂಗೇನಿ! ಯವ್ವಾ, ನೋಡಿಲ್ಲೆ, ಶೇಂಗಾ ಹಂಚಿ ಹೇಳಾಕತ್ತಾರ!” ತನ್ನ ತಪ್ಪನ್ನು ತಾಯಿಯನ್ನು ಕರೆದು ತೋರಿಸುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. “ಇನ್ನೂ ಏನೇನ್ ತಪ್ಪದಾವು ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಕೇಳಿದರೆ ಬಿಡುವವಳೇ ನಾನು? ಗುಪ್ತಲಿಪಿ ಬಿಡಿಸಲು ಸಾವಿರ ವರ್ಷ ಬೇಕೆಂದು ಅರವತ್ತನೇ ಪುಟದಲ್ಲಿ ಹೇಳಿ, ಇನ್ನೂರನೇ ಪುಟದಲ್ಲಿ ರೈಲು ಸ್ಟೇಷನ್ ಬಿಡುವುದರೊಳಗೆ ಬಿಡಿಸಿದ್ದು ಹೇಳಿದೆ. ಗುಂಡು ತಗುಲಿದ ಭುಜ ಮುಂದಿನ ಅಧ್ಯಾಯದಲ್ಲಿ ಬದಲಾದದ್ದು ಹೇಳಿದೆ. ದನಿ ತಾನಾಗಿ ಏರುತ್ತಿತ್ತು, ತರಗತಿಯ ರೂಢಿ.

“ಎಲ್ಲಾದ್ಕಿಂತ ಸಿಟ್ಟು ಬಂದದ್ದು ಆ ವಿಜ್ಞಾನಿ ಮ್ಯಾಲ್ರಿ. ಮಗಳಿಗೆ ಹೇಳೂದು ಒಂದ ಮಾತು. ಅದಕ್ಕ ಹದಿನೇಳು ಕೀಲಿ! ಹಡದ ಅಪ್ಪಗ ಮಗಳ ಮುಂದ ಬಾಯಿ ಇಲ್ಲೇನು? ಒಂದ ಫೋನ್ ಮಾಡಿದ್ರ ಅಷ್ಟೂ ಮಂದಿ ಜೀವ ಉಳೀತಿತ್ತು.”

“ಹಂಗಲ್ಲರಿ,” ಎಂದ ಶಶಿಕಾಂತ, ನಗು ನಿಲ್ಲಿಸಿ. “ಹೇಳಿದ್ರ ಮಗಳ ಜೀವಕ್ಕ ಧೋಕಾ ಇತ್ತು. ಅದಕ್ಕ ಮುಚ್ಚಿಟ್ಟ. ಅಕಿ ಬಿಡಿಸ್ತಾಳ ಅಂತ ಅಂವಗ ಗ್ಯಾರಂಟಿ ಇತ್ತು.”

“ಅದೆಲ್ಲಾ ನೆವಾ ರೀ! ಸುಳ್ಳು ಪುಸ್ತಕ!”

“ಮತ್ಯಾಕ ಪೂರಾ ಓದಿದ್ರಿ?”

“ಬಿಡಾಕ ಆಗಲಿಲ್ಲರಿ! ಬಂಕಾಪುರತನಾ ಹೋಗೇನಿ!”

ಈಗ ದೇವವ್ವನೂ ನಕ್ಕರು. ಶಶಿಕಾಂತ ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, “ಹಿಂದ ನೋಡಾಕ ಹೋದ ಮನ್ಯಾಗೆಲ್ಲಾ ಹುಡುಗ್ಯಾರು ತಲಿ ಬಗ್ಗಿಸಿ ಹೆಸರು ಹೇಳೂದು, ನಾ ಚಹಾ ಕುಡದು ಬರೂದು. ಯಾರ ಜೋಡೀನೂ ಮಾತಾಡಿದಂಗ ಆಗ್ತಿರ್ಲಿಲ್ಲರಿ. ಒಂದ್ಸಲ ಖರೇ ಖರೇ ಮಾತಾಡೂಣು ಅಂತ ಪುಸ್ತಕ ಕಳಿಸಿದ್ದೆ. ಪರೀಕ್ಷೆ ಅಂತಲ್ಲರಿ.”

ನನಗೆ ಈತನೇ ಬೇಕು ಅನ್ನಿಸಿಬಿಟ್ಟಿತು. ಸುತ್ತಿ ಬಳಸಿ ಹೇಳುವುದೇನಿದೆ? ಇನ್ನೊಂದು ಕ್ಷಣ ಅಲ್ಲಿ ಕುಳಿತಿದ್ದರೆ ಮುಖದಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆಂದು ದಡಬಡ ಎದ್ದು ಒಳಗೆ ಓಡಿದೆ. ಓಡುವಾಗ ಅಪ್ಪನ ಮುಖ ಕಂಡಿತು. ಮೂಲೆಯ ಕುರ್ಚಿಯಲ್ಲಿ ಬಿಗಿಯಾಗಿ ಕುಳಿತು ನನ್ನನ್ನೇ ನೋಡುತ್ತಿದ್ದ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಯಾಲಕ್ಕಿ ಡಬ್ಬಿ ತೆರೆದು ಹಿಡಿ ತುಂಬ ತೆಗೆದು ಕುಟ್ಟತೊಡಗಿದೆ. ಅವ್ವ ನನ್ನ ಮುಖ ನೋಡಿ, ಬೈಯಲು ತೆರೆದ ಬಾಯಿಯಿಂದ ನಕ್ಕುಬಿಟ್ಟಳು.

“ಸಾಕ ಬಿಡ ಹುಚ್ಚಿ. ಇಷ್ಟರಾಗ ಹಾವೇರ್ಯಾಗ ಒಂದು ಯಾಲಕ್ಕಿ ಹಾರಾನ ಆಗತೈತಿ.”

“ಇರ್ಲಿ ಬಿಡಬೇ, ಅಪ್ಪಗ ಸಂಶೇ ಬರಬಾರದು,” ಎಂದು ಇನ್ನೊಂದಿಷ್ಟು ಹಾಕಿದೆ. ಅಡುಗೆಮನೆಯೆಲ್ಲ ಘಂ ಎಂದಿತು. ಮೆಣಸಿನಕಾಯಿ ಘಾಟೂ ಒಂದು ಹೆಜ್ಜೆ ಹಿಂದೆ ಸರಿದಂತಾಯಿತು. ಅವ್ವ ಚಹಾ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು. ನಾನು ಪರದೆಯ ಸಂದಿಯಲ್ಲಿ ಕಣ್ಣಿಟ್ಟೆ.

ಅಪ್ಪ ಕಪ್ಪನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಬಹಳ ಹೊತ್ತು ಹಾಗೇ ಹಿಡಿದಿದ್ದ. ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಕಪ್ಪು ಕೆಳಗಿಟ್ಟು ಕೈ ಮುಗಿದ.

“ಭಾಳ ಸಂತೋಷ ಆತ್ರಿ ನೀವು ಬಂದದ್ದು. ನಮ್ಮ ಹಿರ್ಯಾರನ್ನ ಒಂದು ಮಾತು ಕೇಳಿ, ಮುಂದ ತಿಳಸ್ತೇವ್ರಿ.”

ನಮ್ಮ ಕಡೆ ಈ ಮಾತಿನ ಅರ್ಥ ಎತ್ತಿಗೂ ಗೊತ್ತು. ಬೇಡ ಎನ್ನುವುದಕ್ಕೆ ಇರುವ ಮರ್ಯಾದೆಯ ಮಾತು ಅದು. ಕೇಳಬೇಕಾದ ಹಿರಿಯರು ನಿಜಕ್ಕೂ ಯಾರೂ ಇರುವುದಿಲ್ಲ. ದೇವವ್ವನ ಮುಖ ಇಳಿಯಿತು. ಶಶಿಕಾಂತ ಟೀಪಾಯಿಯ ಮೇಲಿದ್ದ ಪುಸ್ತಕ ಎತ್ತಿಕೊಂಡ. ಪರದೆಯ ಹಿಂದೆ ನಾನು ಗರ ಬಡಿದವಳಂತೆ ನಿಂತಿದ್ದಾಗಲೇ ಅವರು ಚಪ್ಪಲಿ ಮೆಟ್ಟಿ ಹೋಗಿಬಿಟ್ಟರು.

“ಅಪ್ಪಾ! ಏನಂದಿ ನೀ ಅವರಿಗೆ?”

ಅಪ್ಪ ತಿರುಗಿ ನೋಡಿದ. “ಯಾಕವಾ? ನಿನಗ ಬ್ಯಾಡಾಗಿತ್ತಲ್ಲ? ಅಷ್ಟು ಜಗಳಾಡಿದಿ...”

“ಅದು ಪುಸ್ತಕದ ಮ್ಯಾಲಿನ ಜಗಳಪಾ! ಯಾಲಕ್ಕಿ ಹಾಕಿದ್ನಲ್ಲ! ಡಬ್ಬಿ ಖಾಲಿ ಮಾಡೇನಿ!”

ಅಪ್ಪನ ಮುಖ ಬಿಳಿಚಿಕೊಂಡಿತು. “ಧೂಳಿಗೆ ಮೂಗು ಕಟ್ಟೈತಿ,” ಎಂದು ಏನೋ ಗೊಣಗಿ ಕಿಟಕಿಯ ಕಡೆ ಹೋದ. ಅವ್ವ ಹಣೆ ಹಣೆ ಚಚ್ಚಿಕೊಂಡಳು. ನಾನು ಪರಮೇಶಪ್ಪ ಕಾಕಾನ ಮೊಬೈಲಿಗೆ ಫೋನ್ ಹಚ್ಚಿದೆ. ಅದು ನಮ್ಮ ಟೀವಿಯ ಪಕ್ಕದಲ್ಲೇ ಹಾಡತೊಡಗಿತು. ಚಾರ್ಜಿಗೆ ಹಾಕಿ ಮರೆತುಹೋಗಿದ್ದರು.

ಒಮ್ಮೆ ಬೇಡ ಎಂದ ಮನೆಗೆ ಯಾರೂ ಮತ್ತೆ ಬರುವುದಿಲ್ಲ. ನಾಳೆ ಫೋನ್ ಮಾಡಿ, ತಪ್ಪಾಯಿತು, ಹೌದು ಎಂದರೆ ಹುಡುಗಿಯ ಮನೆಯವರು ಬೇರೆ ಕಡೆ ಪ್ರಯತ್ನ ಮಾಡಿ ಸೋತು ಬಂದಿದ್ದಾರೆ ಎಂದೇ ತಿಳಿಯುತ್ತಾರೆ. ಇವತ್ತೇ, ಈಗಲೇ ಹೇಳಬೇಕು. ನಾನು ಗೂಟದಲ್ಲಿದ್ದ ಸ್ಕೂಟಿಯ ಕೀಲಿ ಎತ್ತಿಕೊಂಡೆ.

ರೇಷ್ಮೆ ಸೀರೆ, ತಲೆ ತುಂಬ ದುಂಡುಮಲ್ಲಿಗೆ, ಕಾಲಲ್ಲಿ ಚಪ್ಪಲಿಯಿಲ್ಲ. ಬಸ್ ನಿಲ್ದಾಣ ತಲುಪಿದಾಗ ರಾಣೇಬೆನ್ನೂರಿನ ಬಸ್ಸು ಅದೇ ತಾನೇ ಬಿಟ್ಟಿತ್ತು. ಹಿಂದೆ ಬಿದ್ದೆ. ಸೀರೆಯ ಸೆರಗು ಗಾಳಿಗೆ ಹಾರಿ ಕಣ್ಣಿಗೆ ಬರುತ್ತಿತ್ತು, ದಾರಿಯವರು “ಏ ತಂಗಿ, ನಿಧಾನ!” ಎಂದು ಕೂಗುತ್ತಿದ್ದರು, ನಾನು ಸೀನುತ್ತ ನಗುತ್ತ ಅಳುತ್ತ ಹೋಗುತ್ತಿದ್ದೆ. ಹೆಲಿಕಾಪ್ಟರಿಗೆ ಜೋತುಬಿದ್ದ ವಿಕ್ರಾಂತನನ್ನು ನಾನು ಆಡಿಕೊಂಡಿದ್ದೆ. ಎದುರಿನಿಂದ ಬಂದ ಟ್ರ್ಯಾಕ್ಟರಿನ ಪಕ್ಕದಲ್ಲಿ ನುಸುಳುವಾಗ, ಪಾಪ ಅವನಿಗೂ ಅರ್ಜಂಟಿತ್ತೇನೋ ಅನ್ನಿಸಿತು.

ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಿತ್ತು. ಸ್ಕೂಟಿ ಅಡ್ಡಾದಿಡ್ಡಿ ನಿಲ್ಲಿಸಿ ಬಸ್ಸಿನ ತಗಡು ಬಡಿದೆ. ಕಿಟಕಿಯಲ್ಲಿ ಶಶಿಕಾಂತ ಇದ್ದ. ಮಡಿಲಲ್ಲಿ ಪುಸ್ತಕ ತೆರೆದುಕೊಂಡು ಸುಮ್ಮನೆ ಕುಳಿತಿದ್ದ. ನನ್ನನ್ನು ನೋಡಿ ಅವನ ಕಿವಿಗಳು ಇನ್ನೂ ಅಗಲವಾದವು.

“ನಮ್ಮಪ್ಪ ಹೇಳಿದ್ದು ಖರೇ ಅಲ್ಲರಿ,” ಎಂದೆ, ಏದುಸಿರು ಬಿಡುತ್ತ. “ನನಗ ಒಪ್ಪಿಗಿ ಐತಿ.”

ದೇವವ್ವ ಮಗನ ಭುಜದ ಮೇಲಿಂದ ಮುಖ ಹೊರಹಾಕಿದರು. “ನಿಮ್ಮಪ್ಪಾರು ಹಿರ್ಯಾರನ್ನ ಕೇಳತೇವಿ ಅಂದ್ರಲ್ಲವಾ?”

“ಚಹಾದಾಗ ಯಾಲಕ್ಕಿ ಹಾಕಿದ್ದೆರಿ. ಯಾಲಕ್ಕಿ ಅಂದ್ರ ಹೌದು ಅಂತ ನಮ್ಮ ಮನ್ಯಾಗ. ಅಪ್ಪಗ ವಾಸನಿ ಹತ್ತಲಿಲ್ಲ.”

“ಅಯ್ಯ ನನ್ನವ್ವ! ಅದಕ್ಕನ ಅದು ಚಹಾನೋ ಕಷಾಯಾನೋ ಅಂತ ನಾ ವಿಚಾರ ಮಾಡಾಕತ್ತಿದ್ದೆ!” ಎಂದರು ದೇವವ್ವ. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು ಪಕ್ಕದವಳಿಗೆ ಮೊದಲಿನಿಂದ ವಿವರಿಸತೊಡಗಿದಳು. ಕಂಡಕ್ಟರ್ ಸೀಟಿ ಊದುವುದನ್ನು ಮರೆತು ನಿಂತಿದ್ದ.

ಆಗ ನನಗೆ ಹೊಳೆಯಿತು. ಇಷ್ಟು ಹೊತ್ತು ನನ್ನ ಅಭಿಪ್ರಾಯವೇ ಆಯಿತು. ಶಶಿಕಾಂತನನ್ನು ಯಾರೂ ಕೇಳಿರಲೇ ಇಲ್ಲ. ಅವನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ನಡುರಸ್ತೆಯಲ್ಲಿ, ಬರಿಗಾಲಲ್ಲಿ, ಅರ್ಧ ಬಿಚ್ಚಿದ ನೆರಿಗೆ ಹಿಡಿದು ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ನೀವು... ನಿಮಗ ಹೆಂಗೋ...” ಎಂದು ತೊದಲಿದೆ.

“ಶೇಂಗಾ ಹಚ್ಚಿಟ್ರಲ್ಲರಿ,” ಎಂದ ಅವನು. “ಎರಡನೇ ಸಾಲು ಇಡೂದ್ರಾಗ ನಂದು ಮುಗದಿತ್ತು.”

“ಇಳಿಯೋರು ಇಳೀರಿ, ಲಗೂ!” ಎಂದು ಕಂಡಕ್ಟರ್ ಕೂಗಿದ. ಹಾಗೆ ಕೂಗುವಾಗ ಅವನ ಹಲ್ಲೆಲ್ಲ ಕಾಣುತ್ತಿದ್ದವು.

ಸ್ಕೂಟಿಯ ಹಿಂದೆ ನನಗೆ ಶಶಿಕಾಂತ ಬೇಕಿತ್ತು, ಸಿಕ್ಕವರು ದೇವವ್ವ. “ನಾ ಒಮ್ಮೆರ ಸ್ಕೂಟಿ ಹತ್ತಬೇಕು ಅನ್ನಾಕತ್ತ ಭಾಳ ದಿನಾ ಆತು,” ಎಂದು ಅವರು ಮೊದಲೇ ಹತ್ತಿ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡರು. ಹುಡುಗನಿಗೆ ಮತ್ತು ಪರಮೇಶಪ್ಪ ಕಾಕಾನಿಗೆ ಮಾರುಕಟ್ಟೆಗೆ ಹೊರಟಿದ್ದ ಸರಕಿನ ಆಟೋ ಸಿಕ್ಕಿತು. ಮೆಣಸಿನಕಾಯಿ ಚೀಲಗಳ ಮೇಲೆ ಕುಳಿತು ಇಬ್ಬರೂ ದಾರಿಯುದ್ದಕ್ಕೂ ಸೀನಿದ್ದು ನಮಗೆ ಮುಂದೆ ಕೇಳುತ್ತಿತ್ತು.

ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಅವ್ವ ಬಾಗಿಲಿಗೆ ಬಂದಳು. ದೇವವ್ವ ಇಳಿದವರೇ ಸೀದಾ ಕೇಳಿದರು.

“ಸಾವ್ಕಾರ್ರ, ಏನಿದು? ಹುಡುಗಿ ಹೌದು ಅಂತಾಳ, ನೀವು ಬ್ಯಾಡ ಅಂತೀರಿ. ನಮ್ಮ ಮನತನದಾಗ ಏನರ ಕೊರತಿ ಕಂಡೀರೇನು?”

“ಶಿವ ಶಿವಾ, ಹಂಗನಬ್ಯಾಡ್ರಿ,” ಎಂದ ಅಪ್ಪ. ಕೈಯಲ್ಲಿದ್ದ ಟವೆಲ್ಲನ್ನು ಮಡಚಿದ, ಬಿಚ್ಚಿದ. ಆಮೇಲೆ ನೆಲ ನೋಡುತ್ತ ಹೇಳಿದ, “ನನಗ ವಾಸನಿ ಬರೂದಿಲ್ಲರಿ. ಏನೂ ಬರೂದಿಲ್ಲ. ಎರಡು ವರ್ಷ ಆಗಾಕ ಬಂತು.”

ಅಪ್ಪನೇ ಮುಂದುವರಿಸಿದ. “ಒಂದು ಜ್ವರ ಬಂದು ಹೋತು ನೋಡ್ರಿ, ಅದರ ಜೋಡೀನ ಹೋತು. ಈಗ ಕಾಯಿ ಮುರದು ನೋಡ್ತೀನಿ, ಬಣ್ಣ ನೋಡ್ತೀನಿ, ಹಿಡದ್ರ ಸಪ್ಪಳ ಹೆಂಗ ಬರತೈತಿ ಅಂತ ಕೇಳ್ತೀನಿ. ಮೂಗಿಗೆ ಹಿಡಿಯೂದು ಮಂದಿ ಸಮಾಧಾನಕ್ಕ. ಮೆಣಸಿನಕಾಯಿ ದಲಾಲಿಗೆ ಮೂಗ ಇಲ್ಲಂದ್ರ ಮಾರ್ಕೆಟ್ನ್ಯಾಗ ಯಾರು ಕೇಳ್ತಾರ್ರಿ? ಮನ್ಯಾಗ ಹೇಳಿದ್ರ ಇವರು ಮನಸಿಗೆ ಹಚ್ಚಿಕೋತಾರಂತ ಹೇಳಲಿಲ್ಲ.”

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಮತ್ತ ದಿನಾ ತಾಟಿನ ಮುಂದ ಕುಂತು, ಪ್ರೇಮಾ, ಸಾರು ಘಮ್ ಅನ್ನಾಕತ್ತೈತಿ ಅಂತಿದ್ರಿ?”

“ನಿನ್ನ ಸಾರು ಹೆಂಗ ಇರತೈತಿ ಅಂತ ನನಗ ನೆನಪೈತಿ,” ಎಂದ ಅಪ್ಪ.

ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರುತ್ತವೆ.

“ಅಪ್ಪಾ, ಗೊತ್ತಾಗಲಿಲ್ಲ ಅಂದ ಮ್ಯಾಲ ಹೌದು ಅಂದಬಿಡಬೇಕಿಲ್ಲ? ಚೊಲೊ ಸಂಬಂಧ, ಮನಿಗೆ ಬಂದ ಬೀಗರು. ಯಾಕ ಬ್ಯಾಡ ಅಂದಿ?”

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಕೆದರಿದ ಕೂದಲು, ಧೂಳು ಮೆತ್ತಿದ ಕಾಲು ಎಲ್ಲ ನೋಡಿದ.

“ತಪ್ಪಿ ಹೌದು ಅಂದಿದ್ರ ನಿನ್ನ ಬಾಳೇ ಹೋಗತಿತ್ತವಾ. ತಪ್ಪಿ ಬ್ಯಾಡ ಅಂದ್ರ ಒಂದು ಬಸ್ ಹೋಗತೈತಿ, ಅಷ್ಟ. ಬಸ್ ನೀ ಹೋಗಿ ನಿಲ್ಲಸ್ತಿ ಅಂತ ನನಗ ಗೊತ್ತಿತ್ತು.”

ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತು ಅವನ ತೋಳಿಗೆ ಮುಖ ಒತ್ತಿಕೊಂಡೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.